ಘಾಟಿಗೆ ತಕ್ಕ ಗೇರು: ಪುಣೆಯ ಹವ್ಯಾಸಿ ಸೈಕಲ್ ಸ್ಪರ್ಧಿಗಳ ತಾಲೀಮು ಮತ್ತು ಸಲಕರಣೆ

ಪುಣೆಯಲ್ಲಿ ಸೈಕಲ್ ರೇಸಿಗೆ ಇಳಿಯಬೇಕೆಂದು ಮನಸ್ಸು ಮಾಡಿದವರು ಹಿಂಜವಡಿಯ ಸಾಫ್ಟ್‌ವೇರ್ ಎಂಜಿನಿಯರ್ ಇರಲಿ, ಬ್ಯಾಂಕ್ ನೌಕರರಿರಲಿ, ಕಾಲೇಜಿನ ಹುಡುಗಿ ಇರಲಿ, ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಸೈಕಲ್ ತಗೊಳ್ಳಲಿ? ನನ್ನ ಪ್ರಕಾರ ಅದು ಮೂರನೆಯದಾಗಿ ಬರಬೇಕಾದ ಪ್ರಶ್ನೆ. ಯಾವ ಬಗೆಯ ಸ್ಪರ್ಧೆ ಎಂಬುದು ಮೊದಲನೆಯದು. ವಾರಕ್ಕೆ ಎಷ್ಟು ಗಂಟೆ ಕೈಲಿದೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಸೈಕಲ್ಲಿನ ಆಯ್ಕೆ ಅರ್ಧ ಮುಗಿದಂತೆಯೇ. ಮೂರನೆಯದನ್ನೇ ಮೊದಲು ಹಿಡಿದವರ ಮನೆಯಲ್ಲಿ ಎರಡು ಲಕ್ಷದ ಕಾರ್ಬನ್ ಫ್ರೇಮು ಬಾಲ್ಕನಿಯಲ್ಲಿ ಧೂಳು ಹಿಡಿಯುವುದನ್ನು ಈ ಊರಿನಲ್ಲಿ ಸಾಕಷ್ಟು ನೋಡಬಹುದು.

ಪುಣೆಗೆ ಸೈಕಲ್ ಹೊಸದಲ್ಲ. ಖಡಕಿಯ ಕಾರ್ಖಾನೆಗಳ ಕಾರ್ಮಿಕರು, ಪೇಠೆಗಳ ಗುಮಾಸ್ತರು, ಡೆಕ್ಕನ್ ಕಡೆಯ ಕಾಲೇಜು ಹುಡುಗರು ಎಲ್ಲರೂ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಇದಕ್ಕೆ ಸೈಕಲ್ಲುಗಳ ಊರು ಎಂಬ ಹೆಸರಿತ್ತು. ಆಮೇಲೆ ಸ್ಕೂಟರು, ಬೈಕು ಬಂದವು. ಬಜಾಜ್ ಕಾರ್ಖಾನೆ ಇರುವುದೂ ಇಲ್ಲೇ ಆಕುರ್ಡಿಯಲ್ಲಿ. ದಿನದ ಓಡಾಟದಿಂದ ಸೈಕಲ್ ಬಹುಪಾಲು ಮರೆಯಾಯಿತು. ಈಗ ಅದು ಆಟವಾಗಿ ವಾಪಸಾಗಿದೆ. ಇದಕ್ಕೆ ಭೂಗೋಳದ ಪಾಲು ದೊಡ್ಡದು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಊರು, ಚಳಿಗಾಲದಲ್ಲಿ ಹಿತವಾದ ಬೆಳಗು, ಸುತ್ತ ಯಾವ ದಿಕ್ಕಿಗೆ ಹೊರಟರೂ ಒಂದು ಘಾಟು. ದಕ್ಷಿಣಕ್ಕೆ ಕಾತ್ರಜ್, ಅದರಾಚೆ ಖಂಬಾಟಕಿ. ಸಾಸವಡದ ದಾರಿಯಲ್ಲಿ ಬೋಪದೇವ್ ಮತ್ತು ದಿವೆ. ಪಶ್ಚಿಮಕ್ಕೆ ಮುಳಶಿಯ ಆಚೆ ತಾಮ್ಹಿಣಿ. ಖಡಕವಾಸಲಾ ಕೆರೆಯ ನೆತ್ತಿಯ ಮೇಲೆ ಸಿಂಹಗಡ. ಬೆಂಗಳೂರಿನವರು ನಂದಿಬೆಟ್ಟವೊಂದನ್ನೇ ನೆಚ್ಚಿಕೊಂಡು ಬೆಳಗಿನ ಜಾವ ಊರು ದಾಟಿ ಹೋಗುತ್ತಾರೆ. ಪುಣೆಯವರಿಗೆ ಏರು ಮನೆ ಬಾಗಿಲಲ್ಲೇ ಇದೆ.

ಸ್ಪರ್ಧೆಗಳ ವಿಷಯಕ್ಕೆ ಬರೋಣ. ಹಳೆಯದೂ ಜನರ ಬಾಯಲ್ಲಿರುವುದೂ ಮುಂಬೈ–ಪುಣೆ ರೇಸು. ಸುಮಾರು 150 ಕಿಲೋಮೀಟರ್ ದಾರಿ. ಅದರ ಜೀವ ಇರುವುದು ಬೋರ್ ಘಾಟಿನಲ್ಲಿ. ಖೋಪೋಲಿಯಿಂದ ಖಂಡಾಳಾಕ್ಕೆ ಸುಮಾರು ಐನೂರು ಮೀಟರ್ ಎತ್ತರವನ್ನು ಒಂದೇ ಉಸಿರಿನಲ್ಲಿ ಹತ್ತಬೇಕು. ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಪುಣೆಯನ್ನು ಮೊದಲು ತಲುಪಿದವನನ್ನು ಮರೆತವರೂ ಘಾಟಿನ ರಾಜನ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಇದು ಗುಂಪಿನ ರೇಸು: ಎಲ್ಲರೂ ಒಟ್ಟಿಗೆ ಹೊರಟು, ಒಬ್ಬರ ಹಿಂದೊಬ್ಬರು ಗಾಳಿಯ ಮರೆ ಹಿಡಿದು, ಕೊನೆಗೆ ಏರಿನಲ್ಲೋ ಕಡೆಯ ಓಟದಲ್ಲೋ ಇತ್ಯರ್ಥ.

ಇದಕ್ಕೆ ತೀರ ಬೇರೆಯಾದದ್ದು ಡೆಕ್ಕನ್ ಕ್ಲಿಫ್‌ಹ್ಯಾಂಗರ್. 2014ರಲ್ಲಿ ಶುರುವಾದ ಇದು ಪುಣೆಯಿಂದ ಗೋವಾಕ್ಕೆ 643 ಕಿಲೋಮೀಟರ್. ಪಸರಣಿ ಘಾಟು ಹತ್ತಿ ಪಂಚಗಣಿ, ಮಹಾಬಳೇಶ್ವರ ಮುಟ್ಟಿ, ಸಾತಾರಾ, ಕೊಲ್ಹಾಪುರ ದಾಟಿ ನಮ್ಮ ಬೆಳಗಾವಿಯ ನೆಲಕ್ಕೆ ಇಳಿದು ಮುಂದೆ ಗೋವಾದ ಕಡಲು. ಒಬ್ಬರೇ ತುಳಿಯಬಹುದು, ತಂಡವಾಗಿ ಪಾಳಿ ಹಂಚಿಕೊಳ್ಳಲೂಬಹುದು. ಇಲ್ಲಿ ಮತ್ತೊಬ್ಬರ ಹಿಂದೆ ಗಾಳಿಯ ಮರೆ ಹಿಡಿಯುವಂತಿಲ್ಲ. ಅಮೆರಿಕವನ್ನು ಅಡ್ಡಲಾಗಿ ದಾಟುವ ಸುಮಾರು 4,800 ಕಿಲೋಮೀಟರಿನ ರೇಸ್ ಅಕ್ರಾಸ್ ಅಮೆರಿಕಕ್ಕೆ ಇದು ಅರ್ಹತಾ ಸ್ಪರ್ಧೆ. ಆ ಮಹಾ ಸ್ಪರ್ಧೆಗೆ 2010ರಲ್ಲೇ ಹೋಗಿ ದಾರಿ ತೋರಿಸಿದವರು ಬೆಂಗಳೂರಿನ ಸಮೀಮ್ ರಿಜ್ವಿ. 2015ರಲ್ಲಿ ನಾಸಿಕದ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಇಬ್ಬರ ತಂಡವಾಗಿ ಅದನ್ನು ಮುಗಿಸಿದರು. 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಮತ್ತು ನಾಗಪುರದ ಡಾ. ಅಮಿತ್ ಸಮರ್ಥ್ ಏಕಾಂಗಿಯಾಗಿ, ಹನ್ನೆರಡು ದಿನದ ಗಡುವಿನೊಳಗೆ ಮುಗಿಸಿದ ಮೊದಲ ಭಾರತೀಯರಾದರು. ಇವರೆಲ್ಲ ಬೇರೆ ಉದ್ಯೋಗವಿಟ್ಟುಕೊಂಡು ತಾಲೀಮು ಮಾಡಿದವರು. ಪುಣೆಯ ಪ್ರೀತಿ ಮಸ್ಕೆ ಲೇಹ್–ಮನಾಲಿಯ ದಾರಿಯಲ್ಲಿ ದಾಖಲೆ ಮಾಡಿದ್ದು, ಇದೇ ಊರಿನ ವೇದಾಂಗಿ ಕುಲಕರ್ಣಿ 2018ರಲ್ಲಿ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಸೈಕಲ್ ಮೇಲೆ ಭೂಮಿ ಸುತ್ತಿದ್ದು ಕೂಡ ಈ ದೂರದ ದಾರಿಯ ಪರಂಪರೆಗೇ ಸೇರುತ್ತದೆ.

ಇವೆರಡರ ನಡುವೆ ಇರುವುದು ರ್‍ಯಾಂಡನ್ಯೂರಿಂಗ್. ಇದನ್ನು ರೇಸ್ ಎನ್ನುವುದಿಲ್ಲ, ಸ್ಥಾನಗಳಿಲ್ಲ, ಗಡುವು ಮಾತ್ರ ಇದೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು. ಹೊಸಬರಿಗೆ ನಾನು ಯಾವತ್ತೂ ಮೊದಲು ತೋರಿಸುವ ಬಾಗಿಲು ಇದೇ. ದುಬಾರಿ ಸೈಕಲ್ ಬೇಡ, ದೇಹಕ್ಕೆ ಏನು ಒಗ್ಗುತ್ತದೆ ಏನು ಒಗ್ಗುವುದಿಲ್ಲ ಎಂಬುದು 200 ಕಿಲೋಮೀಟರಿನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

2026ರ ಜನವರಿಯಲ್ಲಿ ಇದಕ್ಕೆಲ್ಲ ಕಳಶವಿಟ್ಟಂತೆ ಪುಣೆ ಗ್ರ್ಯಾಂಡ್ ಟೂರ್ ಬಂತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ 2.2 ದರ್ಜೆಯ, ಒಂದು ಪ್ರೊಲಾಗ್ (ಆರಂಭದ ಚಿಕ್ಕ ಓಟ) ಮತ್ತು ನಾಲ್ಕು ಹಂತಗಳ, ಸುಮಾರು 437 ಕಿಲೋಮೀಟರಿನ ಸ್ಪರ್ಧೆ. ಹವ್ಯಾಸಿಗಳು ಅದರಲ್ಲಿ ಓಡುವುದಿಲ್ಲ. ಆದರೆ ತಾವು ಪ್ರತಿ ಭಾನುವಾರ ಏದುಸಿರು ಬಿಡುವ ಅದೇ ಸೀಮೆಯ ರಸ್ತೆಗಳಲ್ಲಿ ವೃತ್ತಿಪರರು ಹೇಗೆ ಸಾಗುತ್ತಾರೆ ಎಂಬುದನ್ನು ರಸ್ತೆಬದಿಯಲ್ಲಿ ನಿಂತು ನೋಡುವ ಅವಕಾಶ ಅವರಿಗೆ ಸಿಕ್ಕಿತು. ಆ ದರ್ಜೆಗೂ ಹವ್ಯಾಸಕ್ಕೂ ನಡುವಿನ ಅಂತರ ಕಣ್ಣಿಗೆ ಕಂಡರೆ ತಾಲೀಮಿನ ಬಗೆಗಿನ ಮಾತಿಗೆ ತೂಕ ಬರುತ್ತದೆ.

ಆ ಅಂತರದ ದೇಸಿ ರೂಪವನ್ನು ನೋಡಬೇಕಾದರೆ ಕರ್ನಾಟಕದ ಕಡೆಗೇ ತಿರುಗಬೇಕು. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿನಿಲಯಗಳು ದಶಕಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ತಯಾರು ಮಾಡುತ್ತಿವೆ. ಬಹುಪಾಲು ರೈತಾಪಿ ಮನೆಗಳ ಮಕ್ಕಳು. ಕೈಯಲ್ಲಿರುವ ಸೈಕಲ್ ಎಷ್ಟೋ ಸಲ ಪುಣೆಯ ಹವ್ಯಾಸಿಯದಕ್ಕಿಂತ ಹಳೆಯದು. ಆದರೆ ಅವರು ನಿತ್ಯ ಒಟ್ಟಿಗೆ, ಕೋಚ್ ಕಣ್ಣೆದುರು, ಬಯಲುಸೀಮೆಯ ಗಾಳಿಗೆ ಎದುರಾಗಿ, ಮುಂದಿನವನ ಹಿಂದಿನ ಚಕ್ರಕ್ಕೆ ಒಂದು ಗೇಣು ಅಂತರದಲ್ಲಿ ತುಳಿಯುವುದನ್ನು ಹದಿಮೂರು ಹದಿನಾಲ್ಕನೆಯ ವಯಸ್ಸಿಗೇ ಕಲಿಯುತ್ತಾರೆ. ಹವ್ಯಾಸಿಗೆ ಕೊರತೆ ಇರುವುದು ಇಲ್ಲಿಯೇ. ಗುಂಪಿನಲ್ಲಿ ಹಿಂದೆ ಸಾಗುವವನಿಗೆ ಒಟ್ಟು ಶ್ರಮದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಳಿತಾಯ. ಯಾವ ಚಕ್ರವೂ ಯಾವ ಹೆಲ್ಮೆಟ್ಟೂ ಅಷ್ಟು ಉಳಿಸಿಕೊಡಲಾರದು. ಒಂದು ಗೇಣಿನ ಅಂತರದಲ್ಲಿ ಗಾಬರಿಯಾಗದೆ ತುಳಿಯುವ ಧೈರ್ಯ ಪುಸ್ತಕದಿಂದಾಗಲಿ ಒಂಟಿ ಸವಾರಿಯಿಂದಾಗಲಿ ಬರುವುದಿಲ್ಲ. ಮುಂಬೈ–ಪುಣೆಯಂಥ ರೇಸಿನ ಕನಸಿದ್ದವರು ಅನುಭವಸ್ಥ ಗುಂಪೊಂದನ್ನು ಹುಡುಕಿಕೊಂಡು, ಕೈಸನ್ನೆಗಳನ್ನು, ಪಾಳಿ ಬದಲಿಸುವ ಕ್ರಮವನ್ನು, ತಟ್ಟನೆ ಬ್ರೇಕು ಹಾಕದ ಶಿಸ್ತನ್ನು ತಿಂಗಳುಗಟ್ಟಲೆ ರೂಢಿಸಿಕೊಳ್ಳಬೇಕು.

ಇನ್ನು ವಾರದ ತಾಲೀಮು. ನೌಕರಿ ಮಾಡುವವರ ಕೈಗೆ ಸಿಗುವುದು ಹೆಚ್ಚೆಂದರೆ ಎಂಟು ಗಂಟೆ. ಪುಣೆಯ ರೂಢಿ ಹೀಗಿದೆ: ವಾರದ ನಡುವೆ ಎರಡು ಮುಂಜಾನೆ ಪಾಷಾಣ ರಸ್ತೆಯಲ್ಲೋ ಎನ್‌ಡಿಎ ರಕ್ಷಣಾ ಅಕಾಡೆಮಿಯ ಕಡೆಗೋ ಅವಸರದ ಓಟ, ಭಾನುವಾರ ಗುಂಪಿನೊಡನೆ ಹಳೆಯ ಹೆದ್ದಾರಿ ಹಿಡಿದು ಲೋಣಾವಳಾವರೆಗೆ. ಗುಂಪಿನ ಸವಾರಿ ಅರ್ಧ ದಾರಿಯಲ್ಲೇ ಪೈಪೋಟಿಯಾಗುತ್ತದೆ. ವಾಪಸಾಗಿ ಮಿಸಳ್, ಇಲ್ಲವೇ ಫರ್ಗ್ಯುಸನ್ ರಸ್ತೆಗೆ ಬಂದು ನಮ್ಮ ಜಗನ್ನಾಥ ಶೆಟ್ಟರು ಕಟ್ಟಿದ ವೈಶಾಲಿಯಲ್ಲಿ ಇಡ್ಲಿ. ಈ ಕ್ರಮದಲ್ಲಿ ಸುಖವಿದೆ, ಸ್ನೇಹವಿದೆ. ಪ್ರಗತಿ ಮಾತ್ರ ಆರು ತಿಂಗಳಿಗೆ ನಿಂತುಬಿಡುತ್ತದೆ, ಏಕೆಂದರೆ ಎಲ್ಲ ಸವಾರಿಗಳೂ ಮಧ್ಯಮ ಕಷ್ಟದವೇ. ಚೇತರಿಸಿಕೊಳ್ಳುವಷ್ಟು ಹಗುರವೂ ಅಲ್ಲ, ದೇಹವನ್ನು ಬದಲಿಸುವಷ್ಟು ಕಠಿಣವೂ ಅಲ್ಲ. ಸಹನಶಕ್ತಿಯ ಆಟಗಳ ಶ್ರೇಷ್ಠ ಆಟಗಾರರ ತಾಲೀಮನ್ನು ಅಧ್ಯಯನ ಮಾಡಿದ ಸ್ಟೀಫನ್ ಸೈಲರ್ ಕಂಡದ್ದು, ಅವರ ತಾಲೀಮಿನಲ್ಲಿ ಶೇಕಡಾ ಎಂಬತ್ತರಷ್ಟು ಪಾಲು ನಿಜಕ್ಕೂ ಹಗುರವಾದದ್ದು ಎಂದು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರುವಷ್ಟು ಹಗುರ. ಉಳಿದ ಪಾಲು ಮಾತೇ ಹೊರಡದಷ್ಟು ಕಠಿಣ. ವಾರಕ್ಕೆ ಎಂಟೇ ಗಂಟೆ ಇರುವವರಿಗೆ ಈ ಪ್ರಮಾಣ ಅಕ್ಷರಶಃ ಅನ್ವಯಿಸದಿದ್ದರೂ ತತ್ವ ಅನ್ವಯಿಸುತ್ತದೆ: ಎರಡು ಕಠಿಣ ದಿನ, ಉಳಿದವು ಹಗುರ, ನಡುವಿನದು ಕಡಿಮೆ.

ಪ್ರಗತಿಯ ಅಳತೆಗೆ ಪುಣೆಯವರಿಗೆ ಪ್ರಕೃತಿಯೇ ಒಂದು ಸಾಧನ ಕೊಟ್ಟಿದೆ, ಅದು ಸಿಂಹಗಡ. ಬುಡದಿಂದ ತುದಿಗೆ ಸುಮಾರು ಒಂಬತ್ತು ಕಿಲೋಮೀಟರ್, ಆರುನೂರು ಮೀಟರಿಗೂ ಮಿಕ್ಕಿದ ಏರು, ಸರಾಸರಿ ಶೇಕಡಾ ಏಳರ ಆಸುಪಾಸು. ಹವ್ಯಾಸಿಗೆ ಹತ್ತಲು ಹಿಡಿಯುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ತಾಲೀಮಿನ ಶಾಸ್ತ್ರದಲ್ಲಿ ಎಫ್‌ಟಿಪಿ ಎಂದರೆ ಒಂದು ಗಂಟೆ ಕಾಲ ಕಾಯ್ದುಕೊಳ್ಳಬಹುದಾದ ಗರಿಷ್ಠ ಶಕ್ತಿ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಪರೀಕ್ಷೆಯ ಸರಾಸರಿಯಿಂದ ಶೇಕಡಾ ಐದು ಕಳೆದು ಅಂದಾಜಿಸುತ್ತಾರೆ. ಸಿಂಹಗಡವನ್ನು ಸಮನಾದ ಗತಿಯಲ್ಲಿ ಪೂರ್ಣ ಶಕ್ತಿಯಿಂದ ಹತ್ತಿದರೆ ಅಂಥ ಅಂದಾಜಿನ ಅಗತ್ಯ ಬಹುಮಟ್ಟಿಗೆ ಇಲ್ಲ. ಬೆಳಗಿನ ಆರಕ್ಕೆ ಮೊದಲು, ಪಿಠಲ–ಭಾಕರಿ ತಿನ್ನಲೆಂದು ಬರುವ ಕಾರುಗಳ ಸಾಲು ಶುರುವಾಗುವ ಮುನ್ನ, ತಿಂಗಳಿಗೊಮ್ಮೆ ಹತ್ತಿ ಸಮಯ ಬರೆದಿಟ್ಟರೆ ಸಾಕು. ಮಳೆಗಾಲದಲ್ಲಿ ಅಲ್ಲಿ ದರೆ ಕುಸಿಯುತ್ತದೆ, ರಸ್ತೆ ಮುಚ್ಚುವುದೂ ಉಂಟು. ಆಗ ಹೋಗುವುದು ಬೇಡ.

ಲೆಕ್ಕವೊಂದನ್ನು ಇಲ್ಲೇ ಮಾಡಿಬಿಡೋಣ, ಏಕೆಂದರೆ ಸಲಕರಣೆಯ ಗೊಂದಲ ಅರ್ಧ ಇದರಲ್ಲೇ ಕರಗುತ್ತದೆ. ಸವಾರ 75 ಕಿಲೋ, ಸೈಕಲ್ 10 ಕಿಲೋ. ಶೇಕಡಾ ಏಳರ ಏರಿನಲ್ಲಿ ಗಂಟೆಗೆ 12 ಕಿಲೋಮೀಟರ್ ಸಾಗಲು ಸುಮಾರು 215 ವಾಟ್ ಬೇಕು. ಅದರಲ್ಲಿ 195ರಷ್ಟು ಗುರುತ್ವದ ವಿರುದ್ಧವೇ ಖರ್ಚು. ಒಂದು ಕಿಲೋ ಹಗುರವಾದ ಸೈಕಲ್ ಕೊಂಡರೆ ಒಟ್ಟು ಭಾರದಲ್ಲಿ ಶೇಕಡಾ 1.2ರಷ್ಟು ಇಳಿಕೆ, ನಲವತ್ತೈದು ನಿಮಿಷದ ಸಿಂಹಗಡದಲ್ಲಿ ಉಳಿಯುವುದು ಅರ್ಧ ನಿಮಿಷ. ಮಾರುಕಟ್ಟೆಯಲ್ಲಿ ಆ ಒಂದು ಕಿಲೋಗೆ ಲಕ್ಷ ರೂಪಾಯಿವರೆಗೂ ಬೆಲೆ. ಅದೇ ಸವಾರ ಸಮತಟ್ಟಿನಲ್ಲಿ ಗಂಟೆಗೆ 35 ಕಿಲೋಮೀಟರ್ ಹೋಗುವಾಗ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಗಾಳಿಯನ್ನು ಸೀಳಲಿಕ್ಕೇ ಹೋಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಬಹುಪಾಲು ಸವಾರನ ಮೈ, ಸೈಕಲ್ಲಿನ ಪಾಲು ಸಣ್ಣದು. ಮೊಣಕೈ ಮಡಚಿ ಮೈ ತಗ್ಗಿಸಿ ಒಂದು ಗಂಟೆ ಕೂರುವ ಅಭ್ಯಾಸ ಮಾಡಿಕೊಂಡರೆ ಅದಕ್ಕೆ ರೂಪಾಯಿಯೂ ಖರ್ಚಿಲ್ಲ.

ಹಾಗಾದರೆ ಹಣ ಎಲ್ಲಿಗೆ ಹೋಗಬೇಕು? ಮೊದಲು ಅಳತೆಗೆ. ಅಂಗಡಿಯಲ್ಲಿ ಯಾವ ಸೈಜು ಉಳಿದಿದೆಯೋ ಅದನ್ನೇ ‘ಸರ್, ನಿಮಗಿದು ಕರೆಕ್ಟ್’ ಎಂದು ಹಚ್ಚುವ ಪದ್ಧತಿ ಇನ್ನೂ ಹೋಗಿಲ್ಲ. ಒಂದು ಸೈಜು ದೊಡ್ಡದಾದ ಫ್ರೇಮಿನ ಮೇಲೆ ಕೈ ಚಾಚಿ ಕೂತವರು ಮೂರನೆಯ ತಿಂಗಳಿಗೆ ಸೊಂಟ, ಕುತ್ತಿಗೆ ಹಿಡಿದುಕೊಂಡು ಸೈಕಲ್ಲನ್ನೇ ದೂಷಿಸುತ್ತಾರೆ. ಸೀಟಿನ ಎತ್ತರಕ್ಕೆ ಒಂದು ಹಳೆಯ ಸೂತ್ರವಿದೆ: ತೊಡೆಸಂದಿಯಿಂದ ನೆಲದವರೆಗಿನ ಉದ್ದವನ್ನು 0.883ರಿಂದ ಗುಣಿಸಿ, ಅಷ್ಟನ್ನು ಪೆಡಲು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಳೆಯುವುದು. ಇದು ಆರಂಭದ ಬಿಂದು ಮಾತ್ರ. ನುರಿತವರ ಬಳಿ ಒಮ್ಮೆ ಫಿಟ್ಟಿಂಗ್ ಮಾಡಿಸಿದರೆ ಕೊಟ್ಟ ಹಣ ಮೊಣಕಾಲಿನಲ್ಲಿ ಉಳಿಯುತ್ತದೆ.

ಎರಡನೆಯದು ಗೇರು. ಘಾಟಿನ ಊರಿನಲ್ಲಿ ನಾನು ಇದಕ್ಕೆ ಫ್ರೇಮಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಹಳೆಯ ರೇಸ್ ಸೈಕಲ್ಲುಗಳಲ್ಲಿ ಮುಂದೆ 39 ಹಲ್ಲು, ಹಿಂದೆ 25 ಇರುತ್ತಿತ್ತು. ಗಂಟೆಗೆ 12 ಕಿಲೋಮೀಟರಿನಲ್ಲಿ ಆ ಗೇರಿನಲ್ಲಿ ನಿಮಿಷಕ್ಕೆ ಕಾಲು ತಿರುಗುವುದು ಅರವತ್ತೊಂದು ಸುತ್ತು ಮಾತ್ರ. ಬೋಪದೇವ್‌ನ ಕಡಿದಾದ ತಿರುವಿನಲ್ಲಿ ವೇಗ 8ಕ್ಕೆ ಇಳಿದರೆ ನಲವತ್ತೊಂದು. ಅಷ್ಟು ನಿಧಾನದ ತುಳಿತದಲ್ಲಿ ಪ್ರತಿ ಸುತ್ತಿನ ಭಾರವೂ ಮೊಣಕಾಲಿನ ಮೇಲೆ. ಈಗಿನ 34 ಮತ್ತು 32ರ ಜೋಡಿಯಲ್ಲಿ ಅದೇ 12ರ ವೇಗಕ್ಕೆ ತೊಂಬತ್ತು ಸುತ್ತು. ಕಾಲು ಹಗುರ, ಉಸಿರು ಲಯದಲ್ಲಿ. ಗೇರು ತಯಾರಿಸುವ ಶಿಮಾನೋದ ಕ್ಲಾರಿಸ್, ಸೋರಾ, ಟಿಯಾಗ್ರಾ, 105 ಎಂಬ ಮೆಟ್ಟಿಲುಗಳಲ್ಲಿ ಯಾವುದು ಬೇಕೆಂದು ತಲೆ ಕೆಡಿಸಿಕೊಳ್ಳುವ ಮೊದಲು ಹಿಂದಿನ ದೊಡ್ಡ ಹಲ್ಲುಚಕ್ರ ಎಷ್ಟು ಹಲ್ಲಿನದು ಎಂದು ಎಣಿಸಬೇಕು. 32 ಅಥವಾ 34 ಇದ್ದರೆ ಎಂಟು ಗೇರಿನ ಕ್ಲಾರಿಸ್ ಕೂಡ ಸಿಂಹಗಡ ಹತ್ತಿಸುತ್ತದೆ. ಗುಂಪಿನ ರೇಸಿಗೆ ಇಳಿಯುವವರಿಗೆ ಮಾತ್ರ ಗೇರುಗಳ ನಡುವಿನ ಅಂತರ ಚಿಕ್ಕದಿರಬೇಕು. ಅವರಿಗೆ 105 ಸಾಕು. ಅದಕ್ಕಿಂತ ಮೇಲಿನವುಗಳಲ್ಲಿ ಹಣ ಹೋಗುವುದು ಹೆಚ್ಚಾಗಿ ತೂಕಕ್ಕೆ.

ಟೈರಿಗೆ ಖರ್ಚು ಮಾಡಿದ ದುಡ್ಡು ಎಂದೂ ದಂಡವಲ್ಲ. ಕಂಪನಿ ಹಾಕಿಕೊಟ್ಟ ಗಡುಸು ಟೈರು ತೆಗೆದು ಒಳ್ಳೆಯ ಮೃದು ಟೈರು ಹಾಕಿದರೆ ರೇಸಿನ ವೇಗದಲ್ಲಿ ಜೋಡಿಗೆ ಹತ್ತು ಹದಿನೈದು ವಾಟ್ ಉಳಿಯುತ್ತದೆ. 23 ಮಿಲಿಮೀಟರ್ ಟೈರಿಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದ ಕಾಲ ಹೋಗಿದೆ; ಪುಣೆಯ ಕಾಂಕ್ರೀಟು ಸಂದುಗಳಿಗೂ, ಸಾಲು ಸಾಲು ರಂಬ್ಲರ್‌ಗಳಿಗೂ, ಹೊಂಡಗಳಿಗೂ 28 ಮಿಲಿಮೀಟರ್, ಗಾಳಿ ಕಡಿಮೆ, ಇದೇ ವೇಗವೂ ಹೌದು ಸುರಕ್ಷಿತವೂ ಹೌದು. ಬ್ರೇಕಿನ ವಿಷಯ ಸರಳ. ಮಳೆಗಾಲದಲ್ಲೂ ಘಾಟು ಇಳಿಯುವವರಿಗೆ ಡಿಸ್ಕ್. ಒಣ ದಿನಗಳ ಸವಾರರಿಗೆ ಅಲ್ಯೂಮಿನಿಯಂ ರಿಮ್ಮಿನ ಸಾಮಾನ್ಯ ಬ್ರೇಕು ಧಾರಾಳ.

ಪವರ್ ಮೀಟರು ಆಮೇಲಿನ ಮಾತು. ಎದೆಗೆ ಕಟ್ಟುವ ಹೃದಯಬಡಿತದ ಪಟ್ಟಿ ಕೆಲವೇ ಸಾವಿರಕ್ಕೆ ಸಿಗುತ್ತದೆ, ಮೊದಲ ವರ್ಷಕ್ಕೆ ಅಷ್ಟು ಸಾಕು. ದೂರದ ಸ್ಪರ್ಧೆಗೆ ಹೋಗುವವರಿಗೆ ಪವರ್ ಮೀಟರಿಗಿಂತ ಒಳ್ಳೆಯ ದೀಪ, ಹೊಟ್ಟೆಗೆ ಒಗ್ಗುವ ಆಹಾರ ಮುಖ್ಯ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಇರುವುದು ಇಪ್ಪತ್ತೈದರ ಆಸುಪಾಸು. ಉಳಿದದ್ದನ್ನು ವಿದೇಶಿ ಜೆಲ್ ಪೊಟ್ಟಣಗಳಿಂದಲೇ ತುಂಬಬೇಕೆಂದಿಲ್ಲ. ರಾಜಗಿರಾ ಲಾಡು, ಬೆಲ್ಲ, ಖರ್ಜೂರ, ನಿಂಬೆ–ಉಪ್ಪು–ಸಕ್ಕರೆಯ ನೀರು ಎಲ್ಲವೂ ನಡೆಯುತ್ತವೆ. ಒಂದೇ ನಿಯಮ: ಸ್ಪರ್ಧೆಯ ದಿನ ಹೊಸದನ್ನು ಬಾಯಿಗೆ ಹಾಕಬಾರದು.

ಬೆಲೆಯ ಲೋಕವೂ ಬದಲಾಗುತ್ತಿದೆ. ವಿದೇಶಿ ಸೈಕಲ್ಲಿನ ಆಮದು ಸುಂಕ 2023ರ ಬಜೆಟ್ಟಿನಲ್ಲಿ ಶೇಕಡಾ 30ರಿಂದ 35ಕ್ಕೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಡ್ರಾಪ್ ಹ್ಯಾಂಡಲಿನ ಆರಂಭದ ರೋಡ್ ಸೈಕಲ್ ಮೂವತ್ತು ನಲವತ್ತು ಸಾವಿರಕ್ಕೆ ಸಿಗುತ್ತದೆ, ಕಾರ್ಬನ್ನಿನವು ಎರಡು ಲಕ್ಷದಿಂದ ಮೇಲಕ್ಕೆ. ಪುಣೆಯಲ್ಲಿ ಹಳೆಯ ಸೈಕಲ್ಲಿನ ಕೊಡುಕೊಳ್ಳುವಿಕೆ ಜೋರಾಗಿದೆ, ಕಾರಣ ಮೇಲೆ ಹೇಳಿದ ಬಾಲ್ಕನಿಗಳೇ. ಅಲ್ಯೂಮಿನಿಯಂ ಆದರೆ ಧೈರ್ಯವಾಗಿ ಕೊಳ್ಳಬಹುದು. ಕಾರ್ಬನ್ ಆದರೆ ಹಳೆಯ ಪೆಟ್ಟಿನ ಬಿರುಕು ಬಣ್ಣದಡಿ ಅಡಗಿರುತ್ತದೆ. ತಿಳಿದವರ ಕಣ್ಣಿಗೆ ತೋರಿಸದೆ ದುಡ್ಡು ಕೊಡಬಾರದು. ಖರ್ಚಿನ ಮಾತಿಗೇ ಸೇರಿಸುವುದಾದರೆ, ನಲವತ್ತು ದಾಟಿದವರು ಸೈಕಲ್ಲಿಗಿಂತ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಮತ್ತೆ ರಾತ್ರಿ ಐದು ಗಂಟೆ ನಿದ್ದೆ ಮಾಡಿ ಬೆಳಿಗ್ಗೆ ನಾಲ್ಕೂವರೆಗೆ ಏಳುವವರ ಕಾಲು ಯಾವ ತಾಲೀಮಿಗೂ ಬಲಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿಯುವ ದೊಡ್ಡ ತೊಡಕು ಸವಾರನ ಕೈಯಲ್ಲಿಲ್ಲ. ಪುಣೆಯ ಹವ್ಯಾಸಿಗೆ ನೆಮ್ಮದಿಯಿಂದ ತಾಲೀಮು ಮಾಡಲು ರಸ್ತೆಯಿಲ್ಲ. ಎಕ್ಸ್‌ಪ್ರೆಸ್‌ವೇಗೆ ಪ್ರವೇಶವಿಲ್ಲ, ಹಳೆಯ ಹೆದ್ದಾರಿಯಲ್ಲಿ ಟ್ರಕ್ಕುಗಳು, ಬೈಪಾಸಿನಲ್ಲಿ ತಿರುಗಿ ನೋಡುವಷ್ಟರಲ್ಲಿ ಮೈಮೇಲೆ ಬರುವ ಕಾರುಗಳು. ನಗರಪಾಲಿಕೆ 2017ರಲ್ಲಿ ಸಮಗ್ರ ಸೈಕಲ್ ಯೋಜನೆಯನ್ನು ಒಪ್ಪಿಕೊಂಡಿತು; ಬಾಡಿಗೆ ಸೈಕಲ್ಲುಗಳು ಬಂದು ಹೋದವು; ಇರುವ ಸೈಕಲ್ ಪಥಗಳಲ್ಲಿ ನಿಲ್ಲಿಸಿದ ಸ್ಕೂಟರುಗಳೇ ಹೆಚ್ಚು. ಹೆದ್ದಾರಿಯಲ್ಲಿ ನಸುಕಿನ ಸವಾರಿಗೆ ಹೋದ ಸೈಕ್ಲಿಸ್ಟ್‌ಗಳು ವಾಹನದಡಿ ಸಿಕ್ಕ ಸುದ್ದಿ ನಮ್ಮ ದೇಶದ ಯಾವ ದೊಡ್ಡ ಊರಿಗೂ ಅಪರೂಪವಲ್ಲ. ಹೆಂಗಸರು ಒಂಟಿಯಾಗಿ ಕತ್ತಲಲ್ಲಿ ಹೊರಡಲು ಹಿಂಜರಿಯುತ್ತಾರೆ. ಸ್ಪರ್ಧೆಗಳಲ್ಲಿ ಅವರ ಸಂಖ್ಯೆ ಕಡಿಮೆ ಇರುವುದಕ್ಕೆ ಇದೊಂದು ನೇರ ಕಾರಣ.

ಇದಕ್ಕೊಂದು ದಾರಿ ಬೆಂಗಳೂರಿನಲ್ಲಿ ಕಾಣುತ್ತದೆ. ಅಲ್ಲಿ ಹವ್ಯಾಸಿಗಳೇ ಸೇರಿ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಎಂಬ ಸರಣಿ ಕಟ್ಟಿದರು. ಊರ ಹೊರಗಿನ ರಸ್ತೆಗಳಲ್ಲಿ, ನಂದಿಬೆಟ್ಟದ ಏರಿನಲ್ಲಿ, ನಿಯಮಿತವಾಗಿ ಚಿಕ್ಕ ಚಿಕ್ಕ ರೇಸುಗಳು. ನೌಕರಿಯ ಬದುಕಿನಿಂದ ಬಂದು ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ ನವೀನ್ ಜಾನ್‌ರಂಥವರು ಬೆಳೆದದ್ದು ಬೆಂಗಳೂರಿನ ಇಂಥ ಹವ್ಯಾಸಿ ರೇಸಿಂಗ್ ವಾತಾವರಣದಲ್ಲೇ. ವರ್ಷಕ್ಕೊಂದು ದೊಡ್ಡ ಸ್ಪರ್ಧೆಗೆ ಕಾಯುವವರಿಗಿಂತ ತಿಂಗಳಿಗೊಮ್ಮೆ ಚಿಕ್ಕದರಲ್ಲಿ ಸೋತು ಕಲಿಯುವವರು ಬೇಗ ಮಾಗುತ್ತಾರೆ. ಪುಣೆಯಲ್ಲೂ ಇದು ಸಾಧ್ಯ. ಗ್ರ್ಯಾಂಡ್ ಟೂರಿಗಾಗಿ ಪುಣೆ ಜಿಲ್ಲೆಯ ಹಲವು ರಸ್ತೆಗಳಿಗೆ ಹೊಸ ಡಾಂಬರು ಬಿದ್ದಿದೆ; ಪೊಲೀಸರಿಗೆ, ಜಿಲ್ಲಾಡಳಿತಕ್ಕೆ ರಸ್ತೆ ಮುಚ್ಚಿ ರೇಸ್ ನಡೆಸಿದ ಅನುಭವ ಬಂದಿದೆ. ಆ ರಸ್ತೆಗಳಲ್ಲಿ ಒಂದು ತುಂಡನ್ನು, ಹತ್ತು ಹದಿನೈದು ಕಿಲೋಮೀಟರಿನಷ್ಟನ್ನು, ತಿಂಗಳಿಗೊಂದು ಭಾನುವಾರ ಬೆಳಗಿನ ಐದೂವರೆಯಿಂದ ಎಂಟರವರೆಗೆ ವಾಹನಗಳಿಗೆ ಮುಚ್ಚಿಕೊಟ್ಟರೆ ಸಾಕು. ಊರಿನ ಸೈಕಲ್ ಕೂಟಗಳು ತಾವೇ ಸ್ವಯಂಸೇವಕರನ್ನೂ ಆಂಬುಲೆನ್ಸನ್ನೂ ನಿಲ್ಲಿಸುವ ಶಕ್ತಿ ಇರುವಂಥವು. ಅರ್ಜಿ ಹಾಕುವ ಕೆಲಸವನ್ನು ಕೂಟಗಳು ಒಟ್ಟಾಗಿ ಈ ಮಳೆಗಾಲ ಮುಗಿಯುವುದರೊಳಗೆ ಮಾಡಬೇಕು, ಏಕೆಂದರೆ ರೇಸಿನ ಹಂಗಾಮು ನವೆಂಬರಿಗೆ ಶುರುವಾಗುತ್ತದೆ.